ಒಂದೇ ಹವಳದ ಮುಂದೆ ಒಂದು ಗಂಟೆ: ಬೊನೇರ್ ದ್ವೀಪದ ಡೈವಿಂಗ್ ಮತ್ತು ಫೋಟೋಗ್ರಫಿ

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನೀರಿನಡಿಯ ಫೋಟೋ ತೋರಿಸುವವರು ಸಾಮಾನ್ಯವಾಗಿ ದೊಡ್ಡ ಪ್ರಾಣಿಗಳಿಂದ ಶುರು ಮಾಡುತ್ತಾರೆ. ಶಾರ್ಕ್, ಮಾಂಟಾ, ತಿಮಿಂಗಿಲ. ನಾನು ಇವತ್ತು ತೋರಿಸುವ ಚಿತ್ರಗಳಲ್ಲಿ ಬಹುಪಾಲು ನಿಮ್ಮ ಬೆರಳಿಗಿಂತ ಚಿಕ್ಕ ಜೀವಿಗಳದ್ದು. ಎಲ್ಲವೂ ಒಂದೇ ದ್ವೀಪದಲ್ಲಿ ತೆಗೆದವು. ಹೆಚ್ಚಿನವು ಹತ್ತು ಹನ್ನೆರಡು ಮೀಟರ್ ಆಳದೊಳಗೆ ಸಿಕ್ಕವು. ದ್ವೀಪದ ಹೆಸರು ಬೊನೇರ್.

ಇಷ್ಟು ಕಡಿಮೆ ಆಳದಲ್ಲಿ, ಇಷ್ಟು ಚಿಕ್ಕ ಜೀವಿಗಳ ಹಿಂದೆ ಯಾಕೆ ಬಿದ್ದಿರಿ ಅಂತ ಕೇಳಬಹುದು. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನೀರಿನಡಿ ಫೋಟೋ ಕೆಡಿಸುವುದು ಎರಡು: ದೂರ ಮತ್ತು ಅವಸರ. ದೂರವನ್ನು ನಾವೇ ಕಡಿಮೆ ಮಾಡಿಕೊಳ್ಳಬಹುದು. ಅವಸರ ಹಾಗಲ್ಲ, ಅದು ಎಷ್ಟೋ ಸಲ ನಮ್ಮ ಕೈಯಲ್ಲಿ ಇರುವುದಿಲ್ಲ. ದೋಣಿ ಕಾಯುತ್ತಿರುತ್ತದೆ, ಗೈಡ್ ಮುಂದೆ ಹೋಗುತ್ತಿರುತ್ತಾನೆ, ಗುಂಪಿನಲ್ಲಿ ಒಬ್ಬರ ಗಾಳಿ ಮುಗಿಯುತ್ತಾ ಬಂದಿರುತ್ತದೆ. ಬೊನೇರ್‌ನಲ್ಲಿ ಈ ಅವಸರ ಇಲ್ಲ. ಹಾಗಾಗಿಯೇ ನನ್ನ ಮಾತು ಈ ಒಂದು ದ್ವೀಪದ ಸುತ್ತಲೇ ಇರುತ್ತದೆ.

ಜಾಗದ ಪರಿಚಯ ಸ್ವಲ್ಪ ಬೇಕು. ದಕ್ಷಿಣ ಕೆರಿಬಿಯನ್ ಸಮುದ್ರದಲ್ಲಿ, ವೆನೆಜುವೆಲಾ ಕರಾವಳಿಯಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ ಬೊನೇರ್ ಇದೆ. ಅರುಬಾ ಮತ್ತು ಕುರಸಾವ್ ಅದರ ನೆರೆಯ ದ್ವೀಪಗಳು. ವಿಸ್ತೀರ್ಣ 288 ಚದರ ಕಿಲೋಮೀಟರ್. 2010ರ ಅಕ್ಟೋಬರ್‌ನಿಂದ ಅದು ನೆದರ್‌ಲೆಂಡ್ಸ್‌ನ ವಿಶೇಷ ಮುನಿಸಿಪಾಲಿಟಿ. ಆದರೂ ಅಲ್ಲಿ ನಡೆಯುವ ದುಡ್ಡು ಅಮೆರಿಕದ ಡಾಲರ್.

ವಿಮಾನದಿಂದ ಇಳಿದವರಿಗೆ ಮೊದಲು ಕಾಣುವುದು ಒಣನೆಲ, ಆಳೆತ್ತರದ ಕಳ್ಳಿಗಿಡ, ಅಲ್ಲಲ್ಲಿ ಕತ್ತೆ. ತೆಂಗಿನ ತೋಟ, ಹಸಿರು ಬೆಟ್ಟ ಅಂತ ಕಲ್ಪಿಸಿಕೊಂಡು ಹೋದವರು ಪೆಚ್ಚಾಗುತ್ತಾರೆ. ಡೈವರ್‌ಗಳಿಗೆ ಮಾತ್ರ ಈ ಒಣನೆಲವೇ ದೊಡ್ಡ ವರ. ಮಳೆ ಕಡಿಮೆ, ನದಿ ಇಲ್ಲವೇ ಇಲ್ಲ. ನದಿ ಇಲ್ಲದಿದ್ದರೆ ಮಣ್ಣು ಕೊಚ್ಚಿಕೊಂಡು ಬಂದು ಸಮುದ್ರ ಸೇರುವುದಿಲ್ಲ. ಹಾಗಾಗಿ ನೀರು ತಿಳಿಯಾಗಿರುತ್ತದೆ. ಮೂವತ್ತು ಮೀಟರ್ ದೂರದ ವಸ್ತು ಕಾಣುವ ದಿನಗಳು ಅಲ್ಲಿ ಅಪರೂಪವೇನಲ್ಲ. ಗಾಳಿ ವರ್ಷದ ಬಹುಪಾಲು ಪೂರ್ವದಿಂದ ಬೀಸುತ್ತದೆ. ಪೂರ್ವದ ದಡದಲ್ಲಿ ಅಲೆಗಳ ಅಬ್ಬರ. ಗಾಳಿಗೆ ಬೆನ್ನು ಹಾಕಿದ ಪಶ್ಚಿಮದ ದಡ ಶಾಂತ. ಅದರ ಮಡಿಲಲ್ಲಿ ಕ್ಲೈನ್ ಬೊನೇರ್ ಅನ್ನುವ ಇನ್ನೊಂದು ಪುಟ್ಟ ದ್ವೀಪ ಬೇರೆ ಇದೆ.

ಚಂಡಮಾರುತಗಳ ಮುಖ್ಯ ದಾರಿಯಿಂದಲೂ ದ್ವೀಪ ಸ್ವಲ್ಪ ದಕ್ಷಿಣಕ್ಕಿದೆ. ಹಾಗಂತ ಪೂರ್ತಿ ಸುರಕ್ಷಿತ ಅಂದುಕೊಳ್ಳಬೇಡಿ. 1999ರ ನವೆಂಬರ್‌ನಲ್ಲಿ ಲೆನ್ನಿ ಚಂಡಮಾರುತ ಎಲ್ಲ ಚಂಡಮಾರುತಗಳಿಗೆ ಉಲ್ಟಾ, ಪಶ್ಚಿಮದಿಂದ ಪೂರ್ವಕ್ಕೆ ಸಾಗಿತು. ಅದು ಎಬ್ಬಿಸಿದ ಅಲೆಗಳು ನೇರವಾಗಿ ಆ ಶಾಂತ ದಡಕ್ಕೇ ಬಡಿದವು. ದಡದ ಹತ್ತಿರದ ಹವಳ ಎಷ್ಟೋ ಪುಡಿಯಾಯಿತು.

ಈಗ ಅಲ್ಲಿ ಡೈವ್ ಹೇಗೆ ನಡೆಯುತ್ತದೆ ಅಂತ ನೋಡೋಣ. ನೀವು ಒಂದು ಪಿಕಪ್ ಟ್ರಕ್ ಬಾಡಿಗೆಗೆ ತೆಗೆದುಕೊಳ್ಳುತ್ತೀರಿ. ಹಿಂದೆ ಸಿಲಿಂಡರ್‌ಗಳನ್ನು ಹೇರಿಕೊಳ್ಳುತ್ತೀರಿ. ದಡದ ರಸ್ತೆಯಲ್ಲಿ ಹೋಗುತ್ತಾ ಇದ್ದರೆ ಪಕ್ಕದಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳು ಕಾಣುತ್ತವೆ. ಒಂದೊಂದರ ಮೇಲೂ ಒಂದೊಂದು ಡೈವ್ ಜಾಗದ ಹೆಸರು. ಕ್ಲೈನ್ ಬೊನೇರ್ ಸೇರಿ ಗುರುತು ಹಾಕಿದ ಜಾಗಗಳು 80ಕ್ಕಿಂತ ಜಾಸ್ತಿ ಇವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ದೋಣಿಯೇ ಬೇಡ. ಗಾಡಿ ನಿಲ್ಲಿಸಿ, ಸಿಲಿಂಡರ್ ಬೆನ್ನಿಗೇರಿಸಿ, ಜೊತೆಗಾರರ ಜೊತೆ ನಡೆದುಕೊಂಡೇ ನೀರಿಗೆ ಇಳಿಯಬಹುದು. ದಡದಲ್ಲಿ ಒಡೆದ ಹವಳದ ಚೂರುಗಳಿರುತ್ತವೆ, ಗಟ್ಟಿ ಅಡಿಯ ಬೂಟು ಬೇಕು. ಗಾಡಿಯಲ್ಲಿ ಬೆಲೆಬಾಳುವುದನ್ನು ಬಿಡಬೇಡಿ ಅಂತ ಅಲ್ಲಿಯವರೇ ಹೇಳುತ್ತಾರೆ, ಆ ಮಾತು ಕೇಳಿ.

ಸ್ವಲ್ಪ ದೂರ ಮರಳಿನ ಮೇಲೆ ಈಜಿದರೆ ಹತ್ತು ಮೀಟರ್ ಆಸುಪಾಸಿನಲ್ಲಿ ನೆಲ ಇಳಿಜಾರಾಗುತ್ತದೆ. ಅಲ್ಲಿಂದ ಹವಳದ ದಿಬ್ಬ. ನೀರಿನಲ್ಲಿ ಎಷ್ಟು ಹೊತ್ತು ಇರಬೇಕು ಅನ್ನುವುದು ನಿಮ್ಮ ಗಾಳಿ, ಆಳ ಮತ್ತು ಸಮಯದ ಲೆಕ್ಕ ಇಡುವ ನಿಮ್ಮ ಡೈವ್ ಕಂಪ್ಯೂಟರ್ ಮತ್ತು ಜೊತೆಗಾರರ ತಾಳ್ಮೆಗೆ ಬಿಟ್ಟದ್ದು. ಇವತ್ತು ಕಂಡ ಜಾಗಕ್ಕೆ ನಾಳೆ ಬೆಳಿಗ್ಗೆ ಮತ್ತೆ ಹೋಗಬಹುದು. ನಾಳಿದ್ದು ಕತ್ತಲಾದ ಮೇಲೂ ಹೋಗಬಹುದು. ಫೋಟೋ ತೆಗೆಯುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಕಡಿಮೆ ಆಳದಲ್ಲೇ ಇರಿ ಅಂತ ನಾನು ಹಟ ಹಿಡಿಯುವುದಕ್ಕೆ ಲೆಕ್ಕವೂ ಇದೆ. ಡೈವಿಂಗ್ ಕಲಿಸುವ ಪ್ಯಾಡಿ ಸಂಸ್ಥೆಯ ಡೈವ್ ಕೋಷ್ಟಕ ನೋಡಿ. ಒತ್ತಡದಲ್ಲಿ ಮೈಯೊಳಗೆ ಸೇರುವ ನೈಟ್ರೋಜನ್ ಅಪಾಯ ತರದಂತೆ ಎಷ್ಟು ಹೊತ್ತು ಇರಬಹುದು ಅಂತ ಅದು ಹೇಳುತ್ತದೆ. ಮೊದಲ ಡೈವ್‌ನಲ್ಲಿ 30 ಮೀಟರ್ ಆಳಕ್ಕೆ ಹೋದರೆ ನಿಮಗಿರುವ ಮಿತಿ 20 ನಿಮಿಷ. 12 ಮೀಟರ್‌ನಲ್ಲಿ 147 ನಿಮಿಷ. ನೀರಿನ ಒತ್ತಡ ಪ್ರತಿ 10 ಮೀಟರ್‌ಗೆ ಒಂದು ವಾತಾವರಣದಷ್ಟು ಏರುತ್ತದೆ. ಅಂದರೆ 10 ಮೀಟರ್‌ನಲ್ಲಿ ಒಂದೊಂದು ಉಸಿರಿಗೂ ಮೇಲಿನ ಎರಡರಷ್ಟು ಗಾಳಿ ಖರ್ಚು, 30 ಮೀಟರ್‌ನಲ್ಲಿ ನಾಲ್ಕರಷ್ಟು. ಆಳಕ್ಕೆ ಹೋದಷ್ಟೂ ಸಮಯ ಕಡಿಮೆ, ಗಾಳಿ ಕಡಿಮೆ, ಬೆಳಕೂ ಕಡಿಮೆ. ಸಿಗುವುದೇನು? ಹೇಳಿಕೊಳ್ಳಲು ಒಂದು ಸಂಖ್ಯೆ.

ದಡದಿಂದ ಇಳಿಯುವುದರಲ್ಲಿ ಇನ್ನೊಂದು ಅನುಕೂಲವೂ ಇದೆ. ಮೇಲೆ ಬರುವ ಮುಂಚೆ, ಆ ನೈಟ್ರೋಜನ್ ಹೊರಹೋಗಲಿ ಅಂತ 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲುವುದು ರೂಢಿ. ದೋಣಿ ಡೈವ್‌ನಲ್ಲಿ ಈ ಮೂರು ನಿಮಿಷ ಹಗ್ಗ ಹಿಡಿದು ಸುಮ್ನೆ ಗಡಿಯಾರ ನೋಡುತ್ತಾ ಕಳೆಯುತ್ತದೆ. ಬೊನೇರ್‌ನಲ್ಲಿ ವಾಪಸ್ ಬರುವ ದಾರಿಯೇ ಐದು ಮೀಟರ್ ಆಳದ ಮರಳಿನ ಮೇಲೆ ಹಾದುಹೋಗುತ್ತದೆ. ಆ ಮರಳಿನಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಬೆಳಕಿನ ವಿಷಯ. ಇದು ಗೊತ್ತಿಲ್ಲದಿದ್ದರೆ ಎಷ್ಟು ದುಬಾರಿ ಕ್ಯಾಮೆರಾ ಇದ್ದರೂ ಚಿತ್ರವೆಲ್ಲ ನೀಲಿ.

ನೀರು ಎಲ್ಲ ಬಣ್ಣಗಳನ್ನೂ ಒಂದೇ ಸಮನಾಗಿ ಬಿಡುವುದಿಲ್ಲ. ಮೊದಲು ನುಂಗುವುದು ಕೆಂಪನ್ನು. ಐದು ಮೀಟರ್ ಹೊತ್ತಿಗೇ ಕೆಂಪು ಮಂಕಾಗುತ್ತದೆ. ಆಮೇಲೆ ಕಿತ್ತಳೆ, ಅದರ ಹಿಂದೆ ಹಳದಿ. ಕೊನೆಗೆ ಉಳಿಯುವುದು ನೀಲಿ. ಇಷ್ಟು ಎಲ್ಲರಿಗೂ ಹೇಳಿಕೊಡುತ್ತಾರೆ. ಹೊಸಬರು ಮರೆಯುವ ಸಂಗತಿ ಬೇರೆ. ಲೆಕ್ಕಕ್ಕೆ ಬರುವುದು ಆಳ ಒಂದೇ ಅಲ್ಲ, ಬೆಳಕು ನೀರಿನಲ್ಲಿ ಸಾಗಿದ ಒಟ್ಟು ದಾರಿ. ನೀವು ಐದು ಮೀಟರ್ ಆಳದಲ್ಲಿದ್ದೀರಿ, ಮೀನು ನಿಮ್ಮಿಂದ ಎರಡು ಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ಬಿಸಿಲು ಐದು ಮೀಟರ್ ಇಳಿದು ಮೀನಿನ ಮೇಲೆ ಬಿದ್ದು, ಮತ್ತೆ ಎರಡು ಮೀಟರ್ ಸಾಗಿ ಲೆನ್ಸ್‌ಗೆ ಬರಬೇಕು. ಒಟ್ಟು ಏಳು ಮೀಟರ್.

ಫ್ಲ್ಯಾಶ್ ಹಾಕಿದರೂ ಲೆಕ್ಕ ಇದೇ. ಮೀನು ಒಂದು ಮೀಟರ್ ದೂರದಲ್ಲಿದ್ದರೆ ಫ್ಲ್ಯಾಶ್‌ನ ಬೆಳಕು ಹೋಗಿ ಬರುವುದು ಎರಡು ಮೀಟರ್. ಒಂದೂವರೆ ಮೀಟರ್ ದಾಟಿದರೆ ಫ್ಲ್ಯಾಶ್ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಜೊತೆಗೆ, ನೀರಿನಲ್ಲಿ ತೇಲುವ ಸಣ್ಣ ಸಣ್ಣ ಕಣಗಳೂ ಹೊಳೆದು ಚಿತ್ರದ ತುಂಬ ಬಿಳಿ ಚುಕ್ಕೆ ಬೀಳುತ್ತವೆ. ಮಂಜು ಮುಸುಕಿದ ರಸ್ತೆಯಲ್ಲಿ ಹೈ ಬೀಮ್ ಹಾಕಿದರೆ ಹೇಗೋ ಹಾಗೆ. ಅದಕ್ಕೇ ಫ್ಲ್ಯಾಶ್‌ಗಳನ್ನು ಲೆನ್ಸ್ ಪಕ್ಕದಲ್ಲೇ ಇಡದೆ, ಉದ್ದದ ತೋಳುಗಳ ಮೇಲೆ ಎರಡೂ ಕಡೆಗೆ ಚಾಚಿ, ಸ್ವಲ್ಪ ಹೊರಕ್ಕೆ ತಿರುಗಿಸಿ ಇಡುವುದು. ಆಗ ಲೆನ್ಸ್ ಮುಂದಿನ ನೀರಿಗೆ ಬೆಳಕು ಬೀಳುವುದಿಲ್ಲ, ಮೀನಿಗೆ ಮಾತ್ರ ಬೀಳುತ್ತದೆ.

ಕಣ್ಣಿಗೂ ಇಲ್ಲಿ ಮೋಸವಾಗುತ್ತದೆ. ಮಾಸ್ಕ್‌ನ ಗಾಜಿನ ಮೂಲಕ ನೋಡಿದಾಗ ಎಲ್ಲವೂ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ, ಕಾಲು ಭಾಗದಷ್ಟು ಹತ್ತಿರ ಕಾಣುತ್ತದೆ. 'ಇಷ್ಟು ಹತ್ತಿರ ಹೋಗಿದ್ದೆನಲ್ಲ, ಫೋಟೋದಲ್ಲಿ ಮೀನು ಯಾಕಿಷ್ಟು ಚಿಕ್ಕದು?' ಅನ್ನುವ ದೂರಿಗೆ ಕಾರಣ ಇದು. ಸಾಕಷ್ಟು ಹತ್ತಿರ ಬಂದೆ ಅನ್ನಿಸಿದ ಮೇಲೆ ಅಷ್ಟರಲ್ಲಿ ಅರ್ಧ ಇನ್ನೂ ಮುಂದೆ ಹೋಗಬೇಕು.

ಇದರಲ್ಲಿ ಹೊಸದೇನೂ ಇಲ್ಲ, ಶುರುವಿನಿಂದಲೂ ಇದೇ ಕಷ್ಟ. ಫ್ರಾನ್ಸ್‌ನ ಜೀವವಿಜ್ಞಾನಿ ಲೂಯಿ ಬುಟಾನ್ 1893ರಲ್ಲಿ ಬಾನ್ಯುಲ್ಸ್ ಊರಿನ ಸಮುದ್ರದಲ್ಲಿ ಫೋಟೋ ತೆಗೆದಾಗ ಒಂದು ಚಿತ್ರಕ್ಕೆ ಅರ್ಧ ಗಂಟೆಯವರೆಗೂ ಎಕ್ಸ್‌ಪೋಷರ್, ಅಂದರೆ ಬೆಳಕಿಗೆ ಒಡ್ಡುವುದು, ಬೇಕಾಗುತ್ತಿತ್ತು. 1926ರಲ್ಲಿ ಫ್ಲಾರಿಡಾದ ಡ್ರೈ ಟಾರ್ಟುಗಾಸ್‌ನಲ್ಲಿ ವಿಲಿಯಂ ಲಾಂಗ್ಲಿ ಮತ್ತು ಚಾರ್ಲ್ಸ್ ಮಾರ್ಟಿನ್ ನೀರಿನಡಿಯ ಮೊದಲ ಬಣ್ಣದ ಫೋಟೋ ತೆಗೆದರು. ಅದರಲ್ಲಿದ್ದದ್ದು ಒಂದು ಹಾಗ್‌ಫಿಶ್. ಬೆಳಕಿಗೆ ಅವರು ಮಾಡಿದ್ದು ಕೇಳಿದರೆ ಎದೆ ಝಲ್ಲೆನ್ನುತ್ತದೆ. ನೀರಿನ ಮೇಲೆ ತೆಪ್ಪ ತೇಲಿಬಿಟ್ಟು, ಅದರಲ್ಲಿ ಮೆಗ್ನೀಸಿಯಂ ಪುಡಿ ಸಿಡಿಸಿದರು. ಅದೇ ಹಾಗ್‌ಫಿಶ್ ಬೊನೇರ್‌ನಲ್ಲೂ ಸಿಗುತ್ತದೆ. ನಾವು ಬೆರಳ ತುದಿಯಲ್ಲಿ ಗುಂಡಿ ಒತ್ತಿ ಅದರ ಬಣ್ಣ ಹಿಡಿಯುತ್ತೇವೆ, ಆದರೂ ಗೊಣಗುವುದು ಬಿಟ್ಟಿಲ್ಲ.

ಯಾವ ಕ್ಯಾಮೆರಾ ತೆಗೆದುಕೊಳ್ಳಲಿ ಅಂತ ಈಗಾಗಲೇ ಇಬ್ಬರು ಚೀಟಿ ಕಳಿಸಿದ್ದಾರೆ. ನಿಮ್ಮ ಹತ್ತಿರ ಇರುವುದಕ್ಕೆ ಒಳ್ಳೆಯ ಹೌಸಿಂಗ್, ಅಂದರೆ ನೀರು ಹೋಗದ ಕವಚ, ಸಿಕ್ಕರೆ ಅದೇ ಸಾಕು. ದುಡ್ಡು ಮಿಕ್ಕಿದರೆ ಕ್ಯಾಮೆರಾ ಬದಲಿಸುವುದಕ್ಕಿಂತ ಫ್ಲ್ಯಾಶ್‌ಗೆ ಹಾಕಿ. ಹೌಸಿಂಗ್‌ನ ರಬ್ಬರ್ ಉಂಗುರದ ಮೇಲೆ ಒಂದು ಕೂದಲು ಕೂತಿದ್ದರೂ ನೀರು ಒಳಗೆ ಬರುತ್ತದೆ. ಹಾಗಾಗಿ ಅದನ್ನು ಮುಚ್ಚುವಾಗ ಯಾರ ಜೊತೆಗೂ ಹರಟಬೇಡಿ. ಡೈವ್ ಮುಗಿದ ಕೂಡಲೇ ಸಿಹಿನೀರಿನಲ್ಲಿ ನೆನೆಹಾಕಿ. ಉಪ್ಪು ಒಣಗಿ ಹರಳಾದರೆ ಗುಂಡಿಗಳು ಸಿಕ್ಕಿಹಾಕಿಕೊಳ್ಳುತ್ತವೆ. ಕ್ಯಾಮೆರಾ ಬಗ್ಗೆ ಇಷ್ಟೇ.

ಹತ್ತಿರ ಹೋಗಬೇಕು ಅಂದೆನಲ್ಲ, ನಿಜವಾದ ತೊಂದರೆ ಶುರುವಾಗುವುದು ಅಲ್ಲೇ. ಮೀನಿನ ಹತ್ತಿರ ಅಂದರೆ ಹವಳದ ಹತ್ತಿರ. ಹವಳ ಕಲ್ಲಿನ ಹಾಗೆ ಕಂಡರೂ ಮೇಲಿನ ತೆಳು ಪದರ ಜೀವಂತ. ಕೈ ಇಟ್ಟರೆ, ಕಾಲಿಗೆ ಹಾಕಿದ ಈಜುರೆಕ್ಕೆ, ಅಂದರೆ ಫಿನ್, ತಾಗಿದರೆ ಅದಕ್ಕೆ ಗಾಯ.

ಸೇಂಟ್ ಲೂಸಿಯಾ ದ್ವೀಪದಲ್ಲಿ ಡೈವರ್‌ಗಳನ್ನು ಹಿಂಬಾಲಿಸಿ ನೋಡಿದ ಒಂದು ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಯಾರು ಹವಳವನ್ನು ಹೆಚ್ಚು ಮುಟ್ಟುತ್ತಾರೆ ಅಂತ ಸಂಶೋಧಕರು ಲೆಕ್ಕ ಹಾಕಿದರು. ಕ್ಯಾಮೆರಾ ಹಿಡಿದವರು ಹಿಡಿಯದವರಿಗಿಂತ ಜಾಸ್ತಿ. ದಡದಿಂದ ಇಳಿದವರು ದೋಣಿಯಿಂದ ಇಳಿದವರಿಗಿಂತ ಜಾಸ್ತಿ. ರಾತ್ರಿ ಇಳಿದವರು ಹಗಲಿನವರಿಗಿಂತ ಜಾಸ್ತಿ. ನಾನು ಇಲ್ಲಿಯವರೆಗೆ ಹೊಗಳಿದ್ದು, ಇನ್ನು ಮುಂದೆ ಹೊಗಳಲಿರುವುದು ಈ ಮೂರನ್ನೇ, ಅಲ್ವಾ? ಇಳಿಯುವ ಮುನ್ನ ಒಂದೆರಡು ಮಾತಿನ ಎಚ್ಚರಿಕೆ ಕೊಟ್ಟರೂ ಅಲ್ಲಿ ಪ್ರಯೋಜನವಾಗಲಿಲ್ಲ. ನೀರಿನೊಳಗೆ ಗೈಡ್ ಅಲ್ಲೇ ತಡೆದಾಗ ಮಾತ್ರ ಮುಟ್ಟುವುದು ಕಡಿಮೆಯಾಯಿತು. ದಡದ ಡೈವಿಂಗ್‌ನಲ್ಲಿ ಗೈಡ್ ಇರುವುದಿಲ್ಲ. ಹಾಗಿದ್ದರೆ ಬೊನೇರ್ ಹವಳ ಇಷ್ಟು ವರ್ಷ ಹೇಗೆ ಉಳಿಯಿತು?

ಒಂದು ಕಾರಣ, ಕಾನೂನು ಬಹಳ ಬೇಗ ಬಂತು. 1961ರಲ್ಲೇ ಕಡಲಾಮೆಯ ಮೊಟ್ಟೆಗೆ ಮತ್ತು ಗೂಡಿಗೆ ರಕ್ಷಣೆ ಸಿಕ್ಕಿತು. 1971ರಲ್ಲಿ ಈಟಿ ಬಂದೂಕಿನಿಂದ ಮೀನು ಹೊಡೆಯುವುದು ನಿಂತಿತು. 1975ರಲ್ಲಿ ಹವಳ ಕೀಳುವುದು ನಿಷೇಧವಾಯಿತು. 1979ರಲ್ಲಿ ಸಮುದ್ರ ಉದ್ಯಾನವೇ ಬಂತು. ದಡದ ಗರಿಷ್ಠ ಉಬ್ಬರದ ಗುರುತಿನಿಂದ 60 ಮೀಟರ್ ಆಳದವರೆಗೆ, ದ್ವೀಪದ ಸುತ್ತಲೂ. ಎಲ್ಲೋ ಒಂದು ಮೂಲೆಗೆ ಬೇಲಿ ಹಾಕಿ ಕೈತೊಳೆದುಕೊಳ್ಳಲಿಲ್ಲ.

ಈ ಕಥೆಯಲ್ಲಿ ಒಬ್ಬ ಕ್ಯಾಪ್ಟನ್ ಇದ್ದಾನೆ. ಡಾನ್ ಸ್ಟುವರ್ಟ್, ಕ್ಯಾಲಿಫೋರ್ನಿಯಾದವನು. 1962ರಲ್ಲಿ ಹಾಯಿಹಡಗಿನಲ್ಲಿ ಬಂದು ಇಳಿದ. ಮೊದಮೊದಲು ಅವನೂ ಈಟಿ ಹಿಡಿದ ಬೇಟೆಗಾರನೇ. ಆಮೇಲೆ ಆ ಈಟಿ ಬೇಡ ಅಂತ ಅವನೇ ಓಡಾಡಿದ. ದೋಣಿಗಳ ಲಂಗರು ಹವಳವನ್ನು ಉಳುತ್ತಿದೆ ಅಂತ ಕಂಡು, ತಳಕ್ಕೆ ಕಟ್ಟಿ ಕಾಯಂ ಆಗಿ ತೇಲಿಬಿಟ್ಟ ಗುಂಡುಗಳಿಗೆ ದೋಣಿ ಕಟ್ಟುವ ಪದ್ಧತಿ ತಂದ. 2014ರಲ್ಲಿ ತೀರಿಕೊಂಡ. ದ್ವೀಪದಲ್ಲಿ ಈಗಲೂ ಅವನನ್ನು ಕ್ಯಾಪ್ಟನ್ ಡಾನ್ ಅಂತಲೇ ಕರೆಯುತ್ತಾರೆ.

ಕಾನೂನು ಬಂದರೂ ಕಾಯುವವರಿಗೆ ಸಂಬಳ ಬೇಕಲ್ಲ. ಎಂಬತ್ತರ ದಶಕದಲ್ಲಿ ದುಡ್ಡಿಲ್ಲದೆ ಉದ್ಯಾನ ಬರೀ ಕಾಗದದ ಮೇಲೆ ಉಳಿದಿತ್ತು. 1992ರಿಂದ ಡೈವರ್‌ಗಳಿಂದಲೇ ವರ್ಷಕ್ಕೆ 10 ಡಾಲರ್ ಶುಲ್ಕ ತೆಗೆದುಕೊಳ್ಳಲು ಶುರು ಮಾಡಿದರು. ಆಮೇಲೆ ಅದು ಏರಿದೆ. ಉದ್ಯಾನವನ್ನು ನೋಡಿಕೊಳ್ಳುವ ಸ್ಟಿನಾಪಾ ಸಂಸ್ಥೆ ಈ ದುಡ್ಡಿನಿಂದ ನಡೆಯುತ್ತದೆ. ಡೈವರ್‌ಗಳು ಬರುವುದು ಹವಳಕ್ಕೆ ಭಾರ, ಹವಳ ಕಾಯುವ ದುಡ್ಡು ಬರುವುದೂ ಅವರಿಂದಲೇ. ಈ ಗಂಟು ಬಿಚ್ಚಲು ಬರುವುದಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಸಂಶೋಧಕರು ಒಂದು ಅಂದಾಜು ಕೊಟ್ಟರು. ಒಂದು ಜಾಗಕ್ಕೆ ವರ್ಷಕ್ಕೆ 4,000ದಿಂದ 6,000 ಡೈವ್‌ಗಳವರೆಗೆ ಹವಳ ತಡೆಯುತ್ತದೆ, ಅದನ್ನು ಮೀರಿದರೆ ಹಾನಿ ಕಣ್ಣಿಗೆ ಕಾಣುತ್ತದೆ ಅಂತ. ಜಾಗಗಳು ಅಷ್ಟೊಂದು ಇರುವುದು ಇಲ್ಲಿ ಅನುಕೂಲಕ್ಕೆ ಬರುತ್ತದೆ, ಜನ ಹಂಚಿಹೋಗುತ್ತಾರೆ.

ಇನ್ನೊಂದು ಕಾರಣ ನನಗೆ ತುಂಬಾ ಇಷ್ಟವಾದದ್ದು. ಅಲ್ಲಿ ಕೈಗವಸು ಹಾಕುವಂತಿಲ್ಲ. ಚರ್ಮದ ಕಾಯಿಲೆಯಂಥ ಕಾರಣ ಇದ್ದರೆ ಅನುಮತಿ ಬೇಕು. ಯೋಚನೆ ಸರಳ. ಕೈಗವಸು ಹಾಕಿದವನು ಧೈರ್ಯವಾಗಿ ಹವಳ ಹಿಡಿಯುತ್ತಾನೆ. ಬರಿಗೈಯವನಿಗೆ ಬೆಂಕಿಹವಳ ತಾಗಿದರೆ ಆಮೇಲೆ ಬಹಳ ಹೊತ್ತು ಕೈ ಉರಿಯುತ್ತದೆ. ಎರಡನೇ ಸಲ ಅವನು ಮುಟ್ಟುವುದಿಲ್ಲ. ಅಲ್ಲದೆ, ದ್ವೀಪಕ್ಕೆ ಬಂದ ಯಾರೇ ಆಗಲಿ, ಎಷ್ಟೇ ಅನುಭವಿ ಆಗಲಿ, ನಿಯಮಗಳನ್ನು ಕೇಳಿಸಿಕೊಂಡು, ಮೊದಲು ಒಂದು ಪರೀಕ್ಷಾ ಡೈವ್ ಮಾಡಬೇಕು. ತೂಕ ಸರಿಯಾಗಿದೆಯಾ, ನೀರಿನಲ್ಲಿ ಏರದೆ ಇಳಿಯದೆ ನಿಲ್ಲಲು ಬರುತ್ತದಾ ಅಂತ ನೋಡಿಕೊಳ್ಳಲು. ಆ ಡೈವ್‌ಗೆ ಕ್ಯಾಮೆರಾ ತರಬೇಡಿ. ನಾನು ಕಲಿಸುವವರಿಗೆಲ್ಲ ಇದನ್ನೇ ಹೇಳುತ್ತೇನೆ.

ನಿಂತಲ್ಲಿ ನಿಲ್ಲುವ ಈ ವಿದ್ಯೆ ಕೂತಿರುವುದು ಪುಪ್ಪುಸದಲ್ಲಿ. ತೇಲಲು ತೊಡುವ ಜಾಕೆಟ್‌ಗೆ ಗಾಳಿ ತುಂಬಿ ಒರಟು ಹೊಂದಾಣಿಕೆ ಮಾಡಿಕೊಂಡ ಮೇಲೆ, ಉಳಿದದ್ದೆಲ್ಲ ಉಸಿರಿನ ಆಟ. ಉಸಿರೆಳೆದರೆ ನಿಧಾನಕ್ಕೆ ಮೇಲೆ, ಬಿಟ್ಟರೆ ನಿಧಾನಕ್ಕೆ ಕೆಳಗೆ. ಫೋಟೋ ತೆಗೆಯುವಾಗ ಹೊಸಬರು ಉಸಿರು ಬಿಗಿಹಿಡಿಯುತ್ತಾರೆ. ನೆಲದ ಮೇಲೆ ಕೈ ನಡುಗದಿರಲಿ ಅಂತ ಮಾಡುವ ಅಭ್ಯಾಸ. ಸ್ಕೂಬಾದಲ್ಲಿ ಅದು ಅಪಾಯ. ಉಸಿರು ಹಿಡಿದು ಮೇಲೆ ಬಂದರೆ ಒತ್ತಡ ಕಡಿಮೆಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ, ಪುಪ್ಪುಸ ಹರಿಯಬಹುದು. ಸಣ್ಣಗೆ ಉಸಿರಾಡುತ್ತಾ, ಉಸಿರು ಬಿಡುವ ಕೊನೆಯಲ್ಲಿ ಗುಂಡಿ ಒತ್ತಿ. ಕಾಲನ್ನು ಮೊಣಕಾಲಲ್ಲಿ ಮಡಿಸಿ ಮೇಲಕ್ಕಿಡಿ, ಫಿನ್ ಮರಳು ಎಬ್ಬಿಸಬಾರದು. ಹಿಂದಕ್ಕೆ ಈಜುವುದನ್ನು ಕಲಿಯಿರಿ. ಹತ್ತಿರ ಹೋಗುವುದು ಸುಲಭ. ಏನನ್ನೂ ಮುಟ್ಟದೆ ವಾಪಸ್ ಬರುವುದೇ ಕಷ್ಟ.

ಇಷ್ಟು ಕೈಗೆ ಹತ್ತಿದ ಮೇಲೆ ಒಂದೇ ಜಾಗದಲ್ಲಿ ಕೂತರೆ ಏನೇನು ಕಾಣುತ್ತದೆ ನೋಡಿ.

ಈ ಚಿತ್ರದಲ್ಲಿರುವುದು ಫ್ಲೆಮಿಂಗೋ ಟಂಗ್ ಅನ್ನುವ ಸಮುದ್ರದ ಬಸವನಹುಳು. ಬೀಸಣಿಗೆಯ ಆಕಾರದ ಮೆದು ಹವಳವನ್ನು ತಿನ್ನುತ್ತಾ ಕೂತಿದೆ. ಮೈಮೇಲೆ ಕಿತ್ತಳೆ ಮಚ್ಚೆ, ಒಂದೊಂದಕ್ಕೂ ಕಪ್ಪು ಅಂಚು. ಇದನ್ನು ಕಂಡು ಆಸೆಪಟ್ಟು ಚಿಪ್ಪು ಕಿತ್ತುಕೊಂಡು ಹೋದವರು ಬಹಳ ಜನ. ಮೇಲೆ ತಂದು ನೋಡಿದರೆ ಕೈಯಲ್ಲಿ ಸಾದಾ ಬಿಳಿಚು ಚಿಪ್ಪು. ಆ ಮಚ್ಚೆ ಇರುವುದು ಚಿಪ್ಪನ್ನು ಹೊದ್ದಿರುವ ಜೀವಂತ ಚರ್ಮದ ಮೇಲೆ. ಮುಟ್ಟಿದರೆ ಅದು ಒಳಗೆ ಸೇರಿಕೊಳ್ಳುತ್ತದೆ. ಅಂದರೆ ಬಣ್ಣ ಬೇಕಿದ್ದರೆ ಮುಟ್ಟದೆಯೇ ತೆಗೆಯಬೇಕು.

ಮುಂದಿನದು ಶುಚಿಗೊಳಿಸುವ ಜಾಗ. ಹವಳದ ಒಂದು ತಲೆಯ ಮೇಲೆ, ಅಂದರೆ ಗುಂಡಗೆ ಬೆಳೆದ ಹವಳದ ಗಡ್ಡೆಯ ಮೇಲೆ, ಕಡ್ಡಿಯಷ್ಟು ಸಣ್ಣ ಗೋಬಿ ಮೀನುಗಳು. ದೊಡ್ಡ ಗ್ರೂಪರ್ ಬಂದು ಬಾಯಿ ಅಗಲಿಸಿ ನಿಲ್ಲುತ್ತದೆ. ಗೋಬಿ ಅದರ ಬಾಯೊಳಗೆ ಹೋಗಿ, ಕಿವಿರಿನ ಕಡೆಯಿಂದ ಹೊರಬಂದು, ಅಂಟಿಕೊಂಡ ಪರಾವಲಂಬಿಗಳನ್ನು ತಿನ್ನುತ್ತದೆ. ನೀವು ಬಂದ ತಕ್ಷಣ ಈ ವ್ಯಾಪಾರ ನಿಲ್ಲುತ್ತದೆ. ಗ್ರೂಪರ್ ಬಾಯಿ ಮುಚ್ಚಿ ಹೊರಟುಬಿಡುತ್ತದೆ. ಹತ್ತು ನಿಮಿಷ ಅಲ್ಲಾಡದೆ ಇದ್ದರೆ ಸರದಿ ಮತ್ತೆ ಶುರು. ಇಲ್ಲಿ ಲೆನ್ಸ್‌ಗಿಂತ ಆ ಹತ್ತು ನಿಮಿಷ ಮುಖ್ಯ. ಗುಂಪಿನ ಜೊತೆ ಓಡುವವನಿಗೆ ಅದು ಸಿಗುವುದಿಲ್ಲ.

ಐದು ಮೀಟರ್ ಮರಳಿನ ಮಾತು ಬಾಕಿ ಇತ್ತು. ಅಲ್ಲಿ ಹಳದಿ ತಲೆಯ ಜಾಫಿಶ್ ಬಿಲ ತೋಡಿಕೊಂಡಿರುತ್ತದೆ. ಬಿಲದ ಮೇಲೆ ನೆಟ್ಟಗೆ ನಿಂತು ತೇಲುತ್ತದೆ. ಹೆದರಿದರೆ ಬಾಲ ಮುಂದು ಮಾಡಿ ಬಿಲಕ್ಕೆ ಜಾರುತ್ತದೆ. ಇದರಲ್ಲಿ ಮರಿ ಕಾಯುವುದು ಗಂಡು, ಅದೂ ಬಾಯಿಯೊಳಗೆ. ಮೊಟ್ಟೆಗಳಿಗೆ ಹೊಸ ನೀರು ತಾಗಲಿ ಅಂತ ಆಗಾಗ ಹೊರಕ್ಕೆ ಉಗುಳಿ ಮತ್ತೆ ಒಳಗೆಳೆದುಕೊಳ್ಳುತ್ತದೆ. ಈ ಒಂದು ಕ್ಷಣಕ್ಕಾಗಿ ಫೋಟೋಗ್ರಾಫರ್‌ಗಳು ಗಂಟೆಗಟ್ಟಲೆ ಮರಳಿನ ಪಕ್ಕ ಕಾಯುತ್ತಾರೆ. ಐದು ಮೀಟರ್ ಆಳದಲ್ಲಿ ಕಾಯಲು ಗಾಳಿಯೂ ಸಾಕು, ಬಿಸಿಲೂ ಸಾಕು.

ಸಾರ್ಜೆಂಟ್ ಮೇಜರ್ ಅನ್ನುವ ಪಟ್ಟೆ ಮೀನಿನ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಗಂಡು ತನ್ನ ನೇರಳೆ ಬಣ್ಣದ ಮೊಟ್ಟೆಗಳ ಪಕ್ಕ ಕಾವಲು ನಿಂತಾಗ ಮೈ ಕಡುನೀಲಿಯಾಗುತ್ತದೆ. ಚಿತ್ರ ಚೆನ್ನಾಗಿ ಬರುತ್ತದೆ. ಆದರೆ ಕ್ಯಾಮೆರಾ ನೂಕಿಕೊಂಡು ಹೋದರೆ ಅವನು ಹಿಂದೆ ಸರಿಯುತ್ತಾನೆ. ಅಷ್ಟರಲ್ಲಿ ಸುತ್ತ ಕಾದಿದ್ದ ಮೀನುಗಳು ನುಗ್ಗಿ ಮೊಟ್ಟೆ ತಿನ್ನುತ್ತವೆ. ಕಾವಲಿನವನು ಜಾಗ ಬಿಟ್ಟು ಕದಲಿದರೆ ಆ ಚಿತ್ರ ಬಿಟ್ಟುಬಿಡಿ.

ಫ್ರಾಗ್‌ಫಿಶ್, ಕುದುರೆಮೀನು ಎರಡೂ ಇವೆ. ಫ್ರಾಗ್‌ಫಿಶ್ ಸ್ಪಂಜಿನ ಬಣ್ಣಕ್ಕೆ ತನ್ನ ಬಣ್ಣ ಹೊಂದಿಸಿಕೊಂಡು ಕೂತಿರುತ್ತದೆ. ಬೇಟೆ ನುಂಗಲು ಅದಕ್ಕೆ 6 ಮಿಲಿಸೆಕೆಂಡ್ ಸಾಕು. ಅದನ್ನು ಫೋಟೋದಲ್ಲಿ ಹಿಡಿಯುತ್ತೇನೆ ಅಂತ ಹೊರಡಬೇಡಿ, ಜನ್ಮ ಸಾಲುವುದಿಲ್ಲ.

ರಾತ್ರಿಗೆ ಬರೋಣ. ದ್ವೀಪದ ದಕ್ಷಿಣದಲ್ಲಿ ಉಪ್ಪಿನ ಗದ್ದೆಗಳಿವೆ. ಹಡಗಿಗೆ ಉಪ್ಪು ತುಂಬುವ ಕಟ್ಟೆಯ ಕೆಳಗೆ ಡೈವ್ ಮಾಡಬಹುದು. ಹಡಗು ನಿಂತಿದ್ದಾಗ ಇಳಿಯುವಂತಿಲ್ಲ. ಕಂಬಗಳ ಮೇಲೆ ಸ್ಪಂಜು ಮತ್ತು ಕಿತ್ತಳೆ ಬಣ್ಣದ ಕಪ್ ಹವಳ. ಹಗಲಲ್ಲಿ ಅದು ಮುದುಡಿಕೊಂಡಿರುತ್ತದೆ, ಕತ್ತಲಾದರೆ ಹೂವಾಗಿ ಅರಳುತ್ತದೆ. ನೋಡುವುದಕ್ಕೆ ಚೆಂದವೇ, ಆದರೆ ಅದು ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಕಡೆಯಿಂದ ವಲಸೆ ಬಂದ ಜೀವಿ. ಟಾರ್ಚ್ ಹಾಕಿದರೆ ಆಳುದ್ದದ ಟಾರ್ಪನ್ ಮೀನುಗಳು ನಿಮ್ಮ ಹೆಗಲ ಪಕ್ಕಕ್ಕೇ ಬರುತ್ತವೆ. ನಿಮ್ಮ ಮೇಲಿನ ಪ್ರೀತಿಯಿಂದ ಅಲ್ಲ. ನಿಮ್ಮ ಬೆಳಕಿನಲ್ಲಿ ಕಂಡ ಮೀನನ್ನು ಅವು ಬೇಟೆಯಾಡುತ್ತವೆ. ಹಾಗಾಗಿ ಒಂದೇ ಮಲಗಿದ ಮೀನಿನ ಮೇಲೆ ಬೆಳಕು ನಿಲ್ಲಿಸಿ ಇಡಬೇಡಿ.

ಹುಣ್ಣಿಮೆ ಕಳೆದು ಎರಡರಿಂದ ಆರು ದಿನಗಳ ನಡುವೆ ಇನ್ನೊಂದು ಆಟ ನಡೆಯುತ್ತದೆ. ಸೂರ್ಯ ಮುಳುಗಿ ಮುಕ್ಕಾಲು ಗಂಟೆಯಾದ ಮೇಲೆ, ಚಂದ್ರ ಹುಟ್ಟುವ ಮುಂಚೆ, ಸ್ವಲ್ಪ ಹೊತ್ತು ಕಗ್ಗತ್ತಲು ಇರುತ್ತದಲ್ಲ, ಆಗ. ಆಸ್ಟ್ರಕಾಡ್ ಅನ್ನುವ ಒಂದೆರಡು ಮಿಲಿಮೀಟರ್ ಗಾತ್ರದ ಜೀವಿಗಳು ನೀಲಿ ಬೆಳಕಿನ ಚುಕ್ಕೆಗಳನ್ನು ಸಾಲಾಗಿ ಬಿಡುತ್ತವೆ. ಗಂಡುಗಳು ಹೆಣ್ಣನ್ನು ಕರೆಯುವ ರೀತಿ ಅದು. ಟಾರ್ಚ್ ಆರಿಸಿದರೆ ಮಾತ್ರ ಕಾಣುತ್ತದೆ. ಇದರ ಫೋಟೋ ನನ್ನ ಹತ್ತಿರ ಇಲ್ಲ. ತೆಗೆಯಲು ನೋಡುವುದೂ ದಂಡ. ಕ್ಯಾಮೆರಾ ಪರದೆಯ ಬೆಳಕೇ ಸುತ್ತಲಿನವರ ನೋಟ ಕೆಡಿಸುತ್ತದೆ.

ಹಿಲ್ಮಾ ಹೂಕರ್ ಹಡಗಿನ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತೀರಿ. ಸುಮಾರು 72 ಮೀಟರ್ ಉದ್ದದ ಸರಕು ಹಡಗು. ಅದರೊಳಗೆ ಸುಮಾರು 11 ಟನ್ ಗಾಂಜಾ ಸಿಕ್ಕಿತು. ಕೇಸು ನಡೆಯುತ್ತಿರುವಾಗಲೇ ನೀರು ತುಂಬಿಕೊಂಡು 1984ರ ಸೆಪ್ಟೆಂಬರ್ 12ರಂದು ಮುಳುಗಿತು. ಈಗ ಸುಮಾರು 30 ಮೀಟರ್ ಆಳದಲ್ಲಿ ಮಗ್ಗುಲಾಗಿ ಮಲಗಿದೆ. ಒಮ್ಮೆ ನೋಡಿ ಬನ್ನಿ. ಕಥೆ ಚೆನ್ನಾಗಿದೆ, ವೈಡ್ ಲೆನ್ಸ್‌ಗೆ ಒಂದೆರಡು ಚಿತ್ರ ಸಿಗುತ್ತದೆ. ಉಳಿದಂತೆ, ಆಗಲೇ ಹೇಳಿದ 20 ನಿಮಿಷದ ಲೆಕ್ಕ.

ಅದೇ ದಕ್ಷಿಣದ ದಡದಲ್ಲಿ ಎರಡು ಡೈವ್ ಜಾಗಗಳ ಪಕ್ಕ ಕಲ್ಲಿನ ಪುಟ್ಟ ಗುಡಿಸಲುಗಳಿವೆ. 1850ರ ಸುಮಾರಿಗೆ ಕಟ್ಟಿದ್ದು. ಉಪ್ಪಿನ ಗದ್ದೆಯಲ್ಲಿ ದುಡಿಯುತ್ತಿದ್ದ ಗುಲಾಮರು ರಾತ್ರಿ ಮಲಗುತ್ತಿದ್ದ ಗೂಡುಗಳು. ಬಾಗಿಲೊಳಗೆ ಬಗ್ಗಿಯೇ ನುಗ್ಗಬೇಕು. ಅಲ್ಲಿ ಗುಲಾಮಗಿರಿ ನಿಂತಿದ್ದು 1863ರ ಜುಲೈ 1ರಂದು. ಡೈವ್ ಸೂಟಿನಲ್ಲಿ ಅದರ ಮುಂದೆ ನಗುತ್ತಾ ಫೋಟೋ ತೆಗೆಸಿಕೊಳ್ಳುವವರನ್ನು ಕಂಡರೆ ನನಗೆ ಕಿರಿಕಿರಿಯಾಗುತ್ತದೆ. ಗಾಡಿ ನಿಲ್ಲಿಸಿದವರು ಒಳಗೆ ಒಮ್ಮೆ ಬಗ್ಗಿ ನೋಡಿ ಬನ್ನಿ, ಸಾಕು.

ಇನ್ನು ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಮೂರನ್ನು ಮಾತ್ರ ಇಲ್ಲಿ ಕೊಡುತ್ತೇನೆ.

ಫ್ಲ್ಯಾಶ್‌ನಿಂದ ಮೀನಿನ ಕಣ್ಣು ಹೋಗುತ್ತದಾ ಅಂತ ಒಬ್ಬರು ಕೇಳಿದರು. ಇದನ್ನು ಪರೀಕ್ಷಿಸಿ ನೋಡಿದ್ದಾರೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಕುದುರೆಮೀನು, ಫ್ರಾಗ್‌ಫಿಶ್‌ನಂಥ ಜೀವಿಗಳನ್ನೇ ತೆಗೆದುಕೊಂಡಿತ್ತು. ಡೈವರ್ ಸುಮ್ನೆ ಪಕ್ಕದಲ್ಲಿ ಇರುವುದಕ್ಕಿಂತ ಫ್ಲ್ಯಾಶ್‌ನಿಂದ ಹೆಚ್ಚಿನ ಪರಿಣಾಮ ಕಾಣಲಿಲ್ಲ. ನಿಜವಾಗಿ ಕಾಟ ಕೊಟ್ಟಿದ್ದು ಕೈಯಿಂದ ಮುಟ್ಟಿ ತಿರುಗಿಸುವುದು. ಕುದುರೆಮೀನಿನ ಮುಖ ಕಾಣಲಿ ಅಂತ ಕಡ್ಡಿಯಿಂದ ತಿರುಗಿಸುವವರು ಇದ್ದಾರೆ. ಅಂಥವರ ಜೊತೆ ಡೈವ್ ಮಾಡಬೇಡಿ.

ಬೇಟೆ ನಿಷೇಧ ಅಂದಿರಿ, ಆದರೆ ಅಲ್ಲಿ ಈಟಿ ಹಿಡಿದ ಡೈವರ್‌ಗಳ ಚಿತ್ರ ನೋಡಿದ್ದೇನಲ್ಲ ಅಂತ ಇನ್ನೊಬ್ಬರು ಕೇಳಿದರು. ಅದು ಲಯನ್‌ಫಿಶ್‌ಗೆ ಮಾತ್ರ. ಹಿಂದೂ ಮಹಾಸಾಗರ, ಪೆಸಿಫಿಕ್ ಕಡೆಯ ಮೀನು ಅದು. ಬೊನೇರ್‌ನಲ್ಲಿ ಮೊದಲು ಕಂಡದ್ದು 2009ರ ಅಕ್ಟೋಬರ್‌ನಲ್ಲಿ. ಅಲ್ಲಿನ ಮರಿಮೀನುಗಳನ್ನು ಲೆಕ್ಕವಿಲ್ಲದೆ ತಿನ್ನುತ್ತದೆ. ತರಬೇತಿ ಪಡೆದ ಸ್ವಯಂಸೇವಕರಿಗೆ ಅದನ್ನು ಹಿಡಿಯಲು ಚಿಕ್ಕ ಈಟಿಗೆ ಅನುಮತಿ ಇದೆ.

ಮೂರನೆಯದು ಭಾರವಾದ ಪ್ರಶ್ನೆ. ಹವಳ ಎಲ್ಲ ಕಡೆ ಸಾಯುತ್ತಿದೆಯಲ್ಲ, ಬೊನೇರ್ ಗತಿ ಏನು? ಅಲ್ಲೂ ಪೆಟ್ಟು ಬಿದ್ದಿದೆ. ಕಲ್ಲುಹವಳದ ಅಂಗಾಂಶ ಕರಗಿಹೋಗುವ ಕಾಯಿಲೆಯೊಂದು 2014ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡು ಕೆರಿಬಿಯನ್ ತುಂಬ ಹರಡಿತು. 2023ರಲ್ಲಿ ಬೊನೇರ್‌ಗೂ ಬಂತು. ಆಗ ಕೆಲವು ಡೈವ್ ಜಾಗಗಳನ್ನು ಮುಚ್ಚಿದರು. ಮಿದುಳಿನಂತೆ ಸುರುಳಿ ಸುರುಳಿಯಾಗಿರುವ ದೊಡ್ಡ ಹವಳಗಳು ವಾರಗಳಲ್ಲಿ ಬಿಳಿಯಾಗಿ ಸಾಯುತ್ತವೆ. ಅದೇ ವರ್ಷ ನೀರು ವಿಪರೀತ ಬಿಸಿಯಾಗಿ ಬಣ್ಣ ಕಳೆದುಕೊಂಡ ಹವಳಗಳೂ ಬಹಳ. ಕಾಯಿಲೆ ನೀರಿನ ಮೂಲಕ ಹರಡುತ್ತದೆ, ಒದ್ದೆ ಸಲಕರಣೆಯೂ ಅದನ್ನು ಹೊರಬಹುದು. ಹಾಗಾಗಿ ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಸೂಟು, ಜಾಕೆಟ್, ಫಿನ್ ಎಲ್ಲವನ್ನೂ ಸೋಂಕು ನಾಶಕದಲ್ಲಿ ಅದ್ದಿ ತೊಳೆಯಬೇಕು. ಕ್ಯಾಮೆರಾ ಹೌಸಿಂಗ್ ಕೂಡ ಇದರಲ್ಲಿ ಸೇರುತ್ತದೆ, ಫೋಟೋಗ್ರಾಫರ್‌ಗಳು ಅದನ್ನೇ ಮರೆಯುತ್ತಾರೆ.

ಹೋಗುವುದಾದರೆ ಒಂದು ಹವಳದ ತಲೆಯನ್ನು ಆರಿಸಿಕೊಳ್ಳಿ. ಪ್ರತಿ ಸಲ ಅದೇ ಕೋನದಿಂದ, ಅದೇ ದೂರದಿಂದ ಒಂದು ಚಿತ್ರ ತೆಗೆಯಿರಿ. ಹವಳದ ಅಂಚು ಚೌಕಟ್ಟಿನೊಳಗೆ ಬರಲಿ. ದಿನಾಂಕ, ಜಾಗದ ಹೆಸರು, ಆಳ ಬರೆದಿಡಿ. ಮರುವರ್ಷ ಹೋಗುವ ಗೆಳೆಯರಿದ್ದರೆ ಅದೇ ವಿವರ ಅವರಿಗೂ ಕೊಡಿ. ಚಂದಕ್ಕೆ ತೆಗೆದ ಸಾವಿರ ಚಿತ್ರಗಳಿಂದ ಕಾಯಿಲೆ ಎಷ್ಟು ಮುಂದೆ ಹೋಗಿದೆ ಅಂತ ಗೊತ್ತಾಗುವುದಿಲ್ಲ, ಹೀಗೆ ಜೋಡಿಯಾದ ಎರಡು ಚಿತ್ರಗಳಿಂದ ಗೊತ್ತಾಗುತ್ತದೆ. ಮತ್ತೆ, ವಿಮಾನದ ಟಿಕೆಟ್ ಮಾಡಿಸುವಾಗ, ಮೈಯಲ್ಲಿ ಉಳಿದ ನೈಟ್ರೋಜನ್ ಹೊರಹೋಗಲಿ ಅಂತ, ಕೊನೆಯ ಡೈವ್‌ಗೂ ವಿಮಾನಕ್ಕೂ ನಡುವೆ ಕಡಿಮೆ ಅಂದರೂ 18 ಗಂಟೆ ಬಿಡಿ.